ಸೌಮ್ಯತೆಯೂ ಭೂಮಿಯ ಹಕ್ಕೂ

ನವೆಂಬರ್ ತಿಂಗಳ 1ನೆಯ ದಿನವು ಬೆಂಗಳೂರಿನ ಕ್ರೈಸ್ತ ಮನೆಗಳಿಗೆ ಎರಡು ಬಗೆಯಿಂದ ಹಬ್ಬವಾಗಿ ಬರುತ್ತದೆ. ಬೀದಿಯಲ್ಲಿ ರಾಜ್ಯೋತ್ಸವದ ಧ್ವಜವೇರುತ್ತದೆ. ಹಲವು ಆಡಳಿತಗಳಲ್ಲಿ ಹಂಚಿಹೋಗಿದ್ದ ಕನ್ನಡ ಸೀಮೆಗಳು 1956ರಲ್ಲಿ ಒಂದು ರಾಜ್ಯವಾಗಿ ಕೂಡಿದುದರ ಸ್ಮರಣೆ ಅದು. ಅದೇ ದಿನ ಕಥೋಲಿಕ ದೇವಾಲಯಗಳಲ್ಲಿ ಸಕಲ ಸಂತರ ಉತ್ಸವ. ಅಂದಿನ ಪೂಜೆಯಲ್ಲಿ ಮತ್ತಾಯನ ಸುವಾರ್ತೆಯ ಐದನೆಯ ಅಧ್ಯಾಯದಿಂದ ಧನ್ಯವಾಕ್ಯಗಳನ್ನು ಓದುವುದು ಸಂಪ್ರದಾಯ. ಆ ವಾಕ್ಯಗಳಲ್ಲಿ ಕೆಲವು ಸ್ವರ್ಗರಾಜ್ಯವನ್ನು ವಾಗ್ದಾನಮಾಡುತ್ತವೆ, ಒಂದು ಸಮಾಧಾನವನ್ನು, ಒಂದು ಕರುಣೆಯನ್ನು. ಸೌಮ್ಯರಾದವರಿಗೆ ಸಂಬಂಧಪಟ್ಟ ವಾಕ್ಯವೊಂದು ಮಾತ್ರ ಭೂಮಿಯನ್ನು ವಾಗ್ದಾನಮಾಡುತ್ತದೆ. ಇದು ಕ್ರಿಸ್ತನು ಹೊಸದಾಗಿ ಕಟ್ಟಿದ ಮಾತಲ್ಲ. 37ನೆಯ ಕೀರ್ತನೆಯಲ್ಲಿ ಮೊದಲೇ ಇರುವುದು. ಅಲ್ಲಿ ಅದರ ಅರ್ಥ ಪರಲೋಕವೂ ಅಲ್ಲ, ಪ್ರಪಂಚವೂ ಅಲ್ಲ. ಉತ್ತು ಬಿತ್ತುವ ನೆಲ, ತಂದೆಯಿಂದ ಮಕ್ಕಳಿಗೆ ಇಳಿಯುವ ನೆಲ.

ಈ ವಾಕ್ಯವನ್ನು ಕೇಳಿ ಮನೆಗೆ ಹಿಂದಿರುಗುವವರಲ್ಲಿ ಹೆಬ್ಬಾಳ, ಯಲಹಂಕಗಳ ಕಡೆಯವರು ಅದನ್ನು ಬೇರೆಯವರಿಗಿಂತ ಸ್ವಲ್ಪ ಹೆಚ್ಚು ಹೊತ್ತು ಆಲೋಚಿಸಬೇಕಾಗಿದೆ. ಹೆಬ್ಬಾಳದಿಂದ ಯಲಹಂಕವನ್ನು ಹಾಯ್ದು ದೇವನಹಳ್ಳಿಗೆ ಹೋಗುವ ಬಳ್ಳಾರಿ ರಸ್ತೆಯ ಇಕ್ಕೆಲದಲ್ಲಿ ಒಂದು ತಲೆಮಾರಿನ ಹಿಂದೆ ರಾಗಿಯ ಹೊಲ, ದ್ರಾಕ್ಷಿಯ ಚಪ್ಪರ, ಚಕ್ಕೋತದ ತೋಟಗಳಿದ್ದುವು. 2008ರ ಮೇ ತಿಂಗಳಲ್ಲಿ ದೇವನಹಳ್ಳಿಯ ವಿಮಾನನಿಲ್ದಾಣವು ತೆರೆಯಿತು. ಎಕರೆ ಗುಂಟೆಗಳಲ್ಲಿ ಅಳೆಯುತ್ತಿದ್ದ ನೆಲವನ್ನು ಚದರಡಿಯಲ್ಲಿ ಅಳೆಯುವ ಕಾಲ ಬಂದಿತು. ಹೊಲದ ಬದುವಿನಲ್ಲಿ ಕುಳಿತು ಒಂದೇ ಬುತ್ತಿಯನ್ನು ಹಂಚಿಕೊಂಡು ತಿಂದ ಅಣ್ಣತಮ್ಮಂದಿರು ನ್ಯಾಯಾಲಯದ ಪಡಸಾಲೆಯಲ್ಲಿ ಒಬ್ಬರ ಮುಖವನ್ನೊಬ್ಬರು ನೋಡದೆ ನಿಲ್ಲುವುದು ಯಾವ ಮತದವರಲ್ಲಿಯೂ ಅಪರೂಪವಾಗಿ ಉಳಿಯಲಿಲ್ಲ. ದಾಯದಲ್ಲಿ ಪಾಲುಳ್ಳವನೆಂಬ ಸಾಧುವಾದ ಅರ್ಥದಿಂದ ಹೊರಟ ‘ದಾಯಾದಿ’ ಎಂಬ ಶಬ್ದವು ಹಗೆಯೆಂಬ ಅರ್ಥದಲ್ಲಿ ಬಂದು ನಿಂತಿರುವ ಭಾಷೆ ನಮ್ಮ ಕನ್ನಡ. ಭೂಮಿಗಾಗಿ ಹೋರಾಡುವವನಿಗೇ ಭೂಮಿ ದೊರೆಯುವುದೆಂದು ಕಣ್ಣಿಗೆ ಕಾಣುತ್ತಿರುವಾಗ, ಸೌಮ್ಯನಿಗೆ ಭೂಮಿ ದೊರೆಯುವುದೆಂಬ ಮಾತಿಗೆ ಏನರ್ಥ? ಮೋಸಹೋದ ಒಡಹುಟ್ಟಿದವನು ಕ್ರೈಸ್ತನಾಗಿದ್ದರೆ ಅವನು ಮಾಡಬೇಕಾದುದೇನು?

ಮೊದಲು ಶಬ್ದಗಳನ್ನು ಸ್ವಲ್ಪ ನೋಡಬೇಕು. ಏಕೆಂದರೆ ಈ ವಿಷಯದಲ್ಲಿ ನಡೆಯುವ ಅನ್ಯಾಯಗಳಲ್ಲಿ ಅರ್ಧದಷ್ಟು ಶಬ್ದದ ಅಪಾರ್ಥದಿಂದಲೇ ಹುಟ್ಟುತ್ತವೆ. ಲೋಕರೂಢಿಯಲ್ಲಿ ಸೌಮ್ಯನೆಂದರೆ ಬಾಯಿಲ್ಲದವನು. ‘ಪಾಪದವನು’ ಎಂದು ಕರುಣೆಯಿಂದಲೂ ತಾತ್ಸಾರದಿಂದಲೂ ಏಕಕಾಲದಲ್ಲಿ ಕರೆಯಿಸಿಕೊಳ್ಳುವವನು. ಸುವಾರ್ತೆಯ ಮೂಲದಲ್ಲಿರುವ ‘ಪ್ರಾಯುಸ್’ ಎಂಬ ಗ್ರೀಕ್ ಶಬ್ದದ ಅರ್ಥ ಹೀಗಿಲ್ಲ. ಆ ಗುಣವನ್ನು ಕ್ರಿಸ್ತನಿಗಿಂತ ಮೂರು ಶತಮಾನಗಳಷ್ಟು ಹಿಂದೆಯೇ ಅರಿಸ್ಟಾಟಲನು ತನ್ನ ನೀತಿಗ್ರಂಥದ ನಾಲ್ಕನೆಯ ಭಾಗದಲ್ಲಿ ವಿಚಾರಮಾಡಿದ್ದಾನೆ. ಅವನ ಅಭಿಪ್ರಾಯದಲ್ಲಿ ಸೌಮ್ಯನು ಕೋಪವೇ ಬಾರದವನಲ್ಲ. ತಕ್ಕ ವಿಷಯಕ್ಕೆ, ತಕ್ಕವರ ಮೇಲೆ, ತಕ್ಕ ಪ್ರಮಾಣದಲ್ಲಿ, ತಕ್ಕಷ್ಟು ಕಾಲ ಮಾತ್ರ ಕೋಪಗೊಳ್ಳುವವನು. ಕೋಪಿಸಬೇಕಾದೆಡೆಯಲ್ಲಿಯೂ ಕೋಪಿಸದವನನ್ನು ಆ ತತ್ತ್ವಜ್ಞಾನಿಯು ಮೂಢರ ಗುಂಪಿಗೆ ಸೇರಿಸುತ್ತಾನೆ. ಕ್ರೈಸ್ತರು ಅರಿಸ್ಟಾಟಲನನ್ನು ಒಪ್ಪಲೇಬೇಕೆಂದಿಲ್ಲ. ಅವನ ಸೌಮ್ಯನಲ್ಲಿ ಕೊಂಚ ಹೆಚ್ಚಾಗಿಯೇ ಗಂಭೀರ ಗೃಹಸ್ಥನ ಠೀವಿ ಇರುವುದು ನಿಜ. ಆದರೆ ಶಬ್ದದ ಬೇರಿನಲ್ಲಿ ನಿರ್ವೀರ್ಯತೆ ಇಲ್ಲವೆಂಬುದಕ್ಕೆ ಅವನ ಸಾಕ್ಷ್ಯ ಸಾಕು.

ನಮ್ಮ ಕಡೆಯ ಶಬ್ದಗಳು ಇನ್ನೂ ಹೆಚ್ಚು ಹೇಳುತ್ತವೆ. ಸಂಸ್ಕೃತದಲ್ಲಿ ‘ಕ್ಷಮಾ’ ಎಂದರೆ ತಾಳ್ಮೆಯೂ ಹೌದು, ಭೂಮಿಯೂ ಹೌದು. ಅಗೆಯುವವನನ್ನೂ ಹೊತ್ತಿರುವುದರಿಂದ ಆಕೆಗೆ ಆ ಹೆಸರು. ಕನ್ನಡದ ‘ಮನ್ನಿಸು’ ಎಂಬ ಕ್ರಿಯಾಪದಕ್ಕೆ ಗೌರವಿಸು ಎಂಬುದು ಒಂದರ್ಥ, ತಪ್ಪನ್ನು ಕ್ಷಮಿಸು ಎಂಬುದು ಇನ್ನೊಂದರ್ಥ. ಅತಿಥಿಯನ್ನು ಮನ್ನಿಸುವುದೂ ಅಪರಾಧಿಯನ್ನು ಮನ್ನಿಸುವುದೂ ನಮ್ಮ ಹಿರಿಯರಿಗೆ ಒಂದೇ ಮಾತಿನಲ್ಲಿ ಹೇಳಬಹುದಾದ ಕೆಲಸಗಳಾಗಿದ್ದುವು. ಸಾಲವನ್ನು ಮನ್ನಾ ಮಾಡುವುದು ಬೇರೆ. ಮನ್ನಾದಲ್ಲಿ ಲೆಕ್ಕದ ಪುಸ್ತಕದಿಂದ ಒಂದು ಸಾಲು ಅಳಿಯುತ್ತದೆ, ಸಾಲಗಾರನ ಮುಖವನ್ನು ನೋಡಬೇಕಾದ ಅಗತ್ಯವೂ ಇಲ್ಲ. ಮನ್ನಿಸುವುದರಲ್ಲಿ ಎದುರಿಗೊಬ್ಬ ಮನುಷ್ಯನಿರಬೇಕು. ಕೇಡು ಮಾಡಿದವನಾದರೂ ಅವನು ಗೌರವಕ್ಕೆ ಹೊರತಾದವನಲ್ಲವೆಂಬ ಒಪ್ಪಿಗೆ ಇರಬೇಕು. ಈ ಭೇದವು ಮುಂದೆ ಉಪಯೋಗಕ್ಕೆ ಬರುತ್ತದೆ.

ಸತ್ಯವೇದದಲ್ಲಿ ನೆಲದ ಜಗಳಗಳು ಹೇರಳವಾಗಿವೆ. ಕುರಿದನಗಳನ್ನು ಮೇಯಿಸಿ ಬದುಕಿದ ಜನರ ಪುಸ್ತಕವಾದುದರಿಂದ ಅದು ಸಹಜವೇ. ಆದಿಕಾಂಡದ 13ನೆಯ ಅಧ್ಯಾಯದಲ್ಲಿ ಅಬ್ರಾಮನ ದನಕಾಯುವವರಿಗೂ ಅವನ ತಮ್ಮನ ಮಗನಾದ ಲೋಟನ ದನಕಾಯುವವರಿಗೂ ಕಲಹವಾಗುತ್ತದೆ. ಅಬ್ರಾಮನು ಹಿರಿಯ, ಆರಿಸಿಕೊಳ್ಳುವ ಹಕ್ಕು ಅವನದು. ಅವನಾದರೋ ಎಡಕ್ಕಾಗಲಿ ಬಲಕ್ಕಾಗಲಿ ನೀನೇ ಮೊದಲು ಆರಿಸಿಕೊ ಎಂದು ಕಿರಿಯನಿಗೆ ಬಿಟ್ಟುಕೊಡುತ್ತಾನೆ. ಲೋಟನು ನೀರಾವರಿಯ ಒಳ್ಳೆಯ ನೆಲವನ್ನೇ ಆರಿಸಿಕೊಳ್ಳುತ್ತಾನೆ. ಬಿಟ್ಟುಕೊಟ್ಟವರೆದುರಿಗೆ ಸಂಕೋಚಪಡುವ ಕಿರಿಯರು ಅಂದೂ ಹೆಚ್ಚಾಗಿರಲಿಲ್ಲವೆಂದು ತೋರುತ್ತದೆ. ಅದೇ ಕಾಂಡದ 26ನೆಯ ಅಧ್ಯಾಯದಲ್ಲಿ ಇಸಾಕನ ಬಾವಿಗಳ ಕಥೆಯಿದೆ. ಅವನ ಆಳುಗಳು ಒಂದು ಬಾವಿಯನ್ನು ತೋಡಿದರು. ಗೆರಾರಿನವರು ನೀರು ತಮ್ಮದೆಂದು ಜಗಳವಾಡಿದರು. ಅವನು ಅದಕ್ಕೆ ಜಗಳವೆಂದೇ ಹೆಸರಿಟ್ಟು ಮುಂದಕ್ಕೆ ಹೋದನು. ಎರಡನೆಯದನ್ನು ತೋಡಿಸಿದನು, ಅದಕ್ಕೂ ಜಗಳ, ಅದಕ್ಕೆ ಹಗೆಯೆಂದು ಹೆಸರು. ಮೂರನೆಯದಕ್ಕೆ ಯಾರೂ ಜಗಳಕ್ಕೆ ಬರಲಿಲ್ಲ. ಅದಕ್ಕೆ ರೆಹೋಬೋತ್, ಅಂದರೆ ವಿಶಾಲವಾದ ಎಡೆ, ಎಂದು ಹೆಸರಾಯಿತು. ಕೆರೆಬಾವಿಗಳನ್ನು ನಂಬಿ ಬಾಳಿದ ಯಲಹಂಕ ನಾಡಿನವರಿಗೆ ಈ ಕಥೆಯ ಬೆಲೆಯನ್ನು ವಿವರಿಸಿ ಹೇಳಬೇಕಾದುದಿಲ್ಲ. ಒಂದು ಬಾವಿಯನ್ನು ತೋಡುವುದೆಂದರೆ ಎಷ್ಟು ದಿನದ ಬೆವರು! ಅಂಥ ಎರಡನ್ನು ಬಿಟ್ಟು ನಡೆದನು.

ಇಲ್ಲಿಗೇ ನಿಲ್ಲಿಸಿದರೆ ಸೌಮ್ಯತೆಯೆಂದರೆ ಬಿಟ್ಟುಕೊಡುವುದು ಎಂದು ಸೂತ್ರ ಹೇಳಿ ಮುಗಿಸಬಹುದಾಗಿತ್ತು. ಅನೇಕ ಪ್ರಸಂಗಿಗಳು ಅಲ್ಲಿಗೇ ನಿಲ್ಲಿಸುವುದೂ ಉಂಟು. ಆದರೆ ಇಸಾಕನ ಕಥೆ ಇನ್ನೂ ಇದೆ. ಗೆರಾರಿನ ಅರಸನಾದ ಅಬೀಮೆಲೆಕನು ಬಳಿಕ ತಾನಾಗಿಯೇ ಸಂಧಿಗೆ ಬಂದಾಗ ಇಸಾಕನು ಕೈಮುಗಿದು ಓಡಿಬರಲಿಲ್ಲ; ನನ್ನನ್ನು ಹಗೆಮಾಡಿ ಹೊರಗಟ್ಟಿದವರು ಈಗ ಏತಕ್ಕೆ ಬಂದಿರಿ ಎಂದು ಕೇಳಿದನು. ಕೇಳಿದ ಮೇಲೆ ಔತಣವನ್ನು ಮಾಡಿಸಿದನು. ಬಾವಿಯನ್ನು ಬಿಟ್ಟನು, ಸತ್ಯವನ್ನು ಬಿಡಲಿಲ್ಲ.

ಅರಸುಗಳ ಪುಸ್ತಕದಲ್ಲಿರುವ ನಾಬೋತನ ಪ್ರಸಂಗ ಇದಕ್ಕಿಂತ ಕಠಿನವಾದುದು. ಇಜ್ರೇಲಿನ ಅರಮನೆಯ ಮಗ್ಗುಲಲ್ಲಿ ಅವನಿಗೊಂದು ದ್ರಾಕ್ಷಿಯ ತೋಟ. ಅರಸನಾದ ಅಹಾಬನು ಅದನ್ನು ಕಾಯಿಪಲ್ಯದ ತೋಟ ಮಾಡಿಕೊಳ್ಳಲು ಕೇಳಿದನು. ಬದಲಿಗೆ ಒಳ್ಳೆಯ ತೋಟವನ್ನೋ, ಕ್ರಯವನ್ನೋ ಕೊಡುವೆನೆಂದನು. ವ್ಯವಹಾರದ ದೃಷ್ಟಿಯಿಂದ ಅನ್ಯಾಯದ ಮಾತೇನೂ ಅಲ್ಲ. ದೇವನಹಳ್ಳಿಯ ಕಡೆ ‘ಬೆಂಗಳೂರು ನೀಲಿ’ ದ್ರಾಕ್ಷಿಯ ಚಪ್ಪರವನ್ನು ಕಿತ್ತು ನಿವೇಶನ ಮಾಡಲು ಬಂದವರೂ ಒಳ್ಳೆಯ ಕ್ರಯವನ್ನೇ ಹೇಳಿದರು. ನಾಬೋತನು ಒಪ್ಪಲಿಲ್ಲ, ಪಿತೃಗಳಿಂದ ಬಂದ ಸ್ವಾಸ್ತ್ಯವನ್ನು ಕೊಡಲಾರೆನೆಂದನು. ರಾಣಿ ಈಜೆಬೆಲಳು ಸುಳ್ಳುಸಾಕ್ಷಿ ಹೂಡಿ ಅವನನ್ನು ಕಲ್ಲೆಸೆದು ಕೊಲ್ಲಿಸಿದಳು. ಸತ್ಯವೇದವು ನಾಬೋತನನ್ನು ಹಟಮಾರಿಯೆಂದು ಎಲ್ಲಿಯೂ ಜರೆದಿಲ್ಲ. ಪ್ರವಾದಿಯಾದ ಎಲೀಯನು ಬಂದು ನಿಂತದ್ದು ಅರಸನ ಎದುರಿಗೆ. ಅಬ್ರಾಮನು ಬಿಟ್ಟದ್ದೂ ಸರಿ, ನಾಬೋತನು ಬಿಡದಿದ್ದುದೂ ಸರಿ ಎಂದಾಗ ಎರಡಕ್ಕೂ ನಡುವೆ ಒಂದು ಗೆರೆಯಿರಬೇಕು. ಅಬ್ರಾಮನು ಕೊಟ್ಟದ್ದು ತನ್ನದನ್ನು; ಯಾರೂ ಅವನ ಕುತ್ತಿಗೆಯ ಮೇಲೆ ಕೈಯಿಟ್ಟಿರಲಿಲ್ಲ. ನಾಬೋತನ ಕೈಯಲ್ಲಿದ್ದುದು ಹಿಂದಿನವರದೂ ಮುಂದಿನವರದೂ ಆದ ನೆಲ, ಕೇಳಿದವನು ದಂಡವುಳ್ಳವನು. ತನ್ನದನ್ನು ತಾನು ಬಿಡುವುದು ಸೌಮ್ಯತೆ. ಮಕ್ಕಳದನ್ನು, ವಿಧವೆಯದನ್ನು, ಮಾತನಾಡಲಾರದವರದನ್ನು ತನ್ನ ಸಾಧುತನದ ಹೆಸರಿಗಾಗಿ ಬಿಟ್ಟುಕೊಡುವುದಕ್ಕೆ ಬೇರೆ ಹೆಸರಿಡಬೇಕಾಗುತ್ತದೆ.

ಮೋಶೆಯ ಚರಿತ್ರೆಯಲ್ಲಿ ಈ ಗೆರೆ ಸ್ಪಷ್ಟವಾಗಿ ಕಾಣುತ್ತದೆ. ಭೂಮಿಯ ಮೇಲಿನ ಎಲ್ಲರಿಗಿಂತಲೂ ಸೌಮ್ಯನೆಂಬ ಬಿರುದು ಸತ್ಯವೇದದಲ್ಲಿ ಅವನಿಗೆ ಸಂದಿದೆ. ಅರಣ್ಯಕಾಂಡದ 12ನೆಯ ಅಧ್ಯಾಯದಲ್ಲಿ. ಸಂದರ್ಭವೇನೆಂದರೆ ಒಡಹುಟ್ಟಿದ ಮಿರ್ಯಾಮಳೂ ಆರೋನನೂ ಅವನ ವಿರುದ್ಧ ಮಾತನಾಡಿದರು. ಅವನು ತನ್ನ ಪರವಾಗಿ ಒಂದು ಮಾತನ್ನೂ ಆಡಲಿಲ್ಲ. ಮಿರ್ಯಾಮಳಿಗೆ ಕುಷ್ಠ ಬಂದಾಗ ಮಾತ್ರ ಬಾಯಿ ತೆರೆದನು, ಅದೂ ಅವಳು ಗುಣವಾಗಲೆಂದು ದೇವರಿಗೆ ಮೊರೆಯಿಡುವುದಕ್ಕೆ. ಇದೇ ಮನುಷ್ಯನು ಫರೋಹನ ಮುಂದೆ ನಿಂತು ದಾಸರ ಬಿಡುಗಡೆಯನ್ನು ಕೇಳಿದವನು. ತನ್ನ ವಿಷಯದಲ್ಲಿ ಮೌನ, ಇತರರ ವಿಷಯದಲ್ಲಿ ಮಾತು. ನಮ್ಮಲ್ಲಿ ಹೆಚ್ಚಾಗಿ ಕಾಣುವುದು ಇದರ ತಿರುಗುಮುರುಗು.

ಕ್ರಿಸ್ತನ ನಡತೆಯನ್ನೇ ನೋಡಬಹುದು. ಬಲಗೆನ್ನೆಗೆ ಹೊಡೆದವನಿಗೆ ಇನ್ನೊಂದು ಕೆನ್ನೆಯನ್ನೂ ತಿರುಗಿಸೆಂಬ ಅವನ ಉಪದೇಶವು ಕ್ರೈಸ್ತರಲ್ಲದವರಿಗೂ ಚಿರಪರಿಚಿತ. ಆದರೆ ಮಹಾಯಾಜಕನ ಮುಂದೆ ವಿಚಾರಣೆ ನಡೆಯುವಾಗ ಓಲೇಕಾರನೊಬ್ಬನು ಅವನ ಕೆನ್ನೆಗೆ ಹೊಡೆದದ್ದೂ, ಆಗ ಅವನು ಮಾಡಿದ್ದೂ ಅಷ್ಟಾಗಿ ಯಾರ ನೆನಪಿನಲ್ಲಿಯೂ ಇರುವುದಿಲ್ಲ. ಯೋಹಾನನ ಸುವಾರ್ತೆಯ 18ನೆಯ ಅಧ್ಯಾಯದಲ್ಲಿ ಅದು ದಾಖಲಾಗಿದೆ. ಅವನು ತಿರುಗಿ ಹೊಡೆಯಲಿಲ್ಲ, ಶಪಿಸಲಿಲ್ಲ, ಮೌನವಾಗಿಯೂ ಇರಲಿಲ್ಲ. ತಾನು ಆಡಿದ್ದು ತಪ್ಪಾಗಿದ್ದರೆ ತೋರಿಸು, ತಪ್ಪಿಲ್ಲದಿದ್ದರೆ ಹೊಡೆದದ್ದೇಕೆ ಎಂದು ಕೇಳಿದನು. ಆ ಓಲೇಕಾರನನ್ನು ಉತ್ತರ ಕೊಡಬಲ್ಲ ಮನುಷ್ಯನೆಂದು ಎಣಿಸಿದ್ದರಿಂದಲೇ ಪ್ರಶ್ನೆ ಹುಟ್ಟಿತು. ಮನ್ನಿಸುವುದರ ಎರಡು ಅರ್ಥಗಳೂ ಆ ಒಂದು ಪ್ರಶ್ನೆಯಲ್ಲಿ ಕೂಡಿವೆ. ಕೆನ್ನೆ ತಿರುಗಿಸುವುದಕ್ಕೂ ಏಕೆ ಹೊಡೆದೆ ಎಂದು ಕೇಳುವುದಕ್ಕೂ ವಿರೋಧವಿಲ್ಲವೆಂಬುದಕ್ಕೆ ಇದಕ್ಕಿಂತ ದೊಡ್ಡ ಪ್ರಮಾಣ ಕ್ರೈಸ್ತನಿಗೆ ಬೇಕಾಗಿಲ್ಲ.

ಈಗ ವಿಷಯದ ನಡುಮನೆಗೆ ಬರಬಹುದು. ಉಯಿಲು ಬರೆಯದೆ ತೀರಿಕೊಂಡ ಕ್ರೈಸ್ತ ಗೃಹಸ್ಥನ ಆಸ್ತಿಯು ನಮ್ಮ ಕಡೆಯಲ್ಲಿ 1925ರ ಭಾರತೀಯ ಉತ್ತರಾಧಿಕಾರ ಕಾನೂನಿಗೆ ಅನುಸಾರವಾಗಿ ಹಂಚಲ್ಪಡುತ್ತದೆ. ಹೆಂಡತಿಯೂ ಮಕ್ಕಳೂ ಇದ್ದರೆ ಮೂರರಲ್ಲಿ ಒಂದು ಭಾಗ ಹೆಂಡತಿಗೆ. ಉಳಿದ ಎರಡು ಭಾಗ ಮಕ್ಕಳಿಗೆ, ಗಂಡು ಹೆಣ್ಣೆಂಬ ಭೇದವಿಲ್ಲದೆ ಸಮನಾಗಿ. ಹಿಂದೂ ಹೆಣ್ಣುಮಕ್ಕಳಿಗೆ ಪಿತ್ರಾರ್ಜಿತದಲ್ಲಿ ಗಂಡುಮಕ್ಕಳಿಗೆ ಸಮನಾದ ಹಕ್ಕು ಕರ್ನಾಟಕದಲ್ಲಿ 1994ರ ತಿದ್ದುಪಡಿಯಿಂದಲೂ ದೇಶದಲ್ಲೆಲ್ಲ 2005ರ ತಿದ್ದುಪಡಿಯಿಂದಲೂ ಬಂದಿತು. ನಮ್ಮ ಸೀಮೆಯ ಕ್ರೈಸ್ತ ಹೆಣ್ಣುಮಗಳಿಗೆ ಕಾನೂನಿನ ಪುಸ್ತಕದಲ್ಲಿ ಅದು ಬಹಳ ಮೊದಲೇ ಇತ್ತು. ಪುಸ್ತಕದಲ್ಲಿ ಇತ್ತು ಎಂಬ ಮಾತನ್ನು ಇಲ್ಲಿ ಎಚ್ಚರದಿಂದ ಓದಬೇಕು. ನೆಲಕ್ಕೆ ಬೆಲೆಯೇರಿದ ಮೇಲೆ, ಕೊಳ್ಳುವವರ ವಕೀಲನು ಎಲ್ಲ ವಾರಸುದಾರರ ಸಹಿಯನ್ನು ಕೇಳಿದ ಮೇಲೆ, ಮದುವೆಯಾಗಿ ಹೋದ ಅಕ್ಕತಂಗಿಯರ ನೆನಪು ಅಣ್ಣತಮ್ಮಂದಿರಿಗೆ ಇದ್ದಕ್ಕಿದ್ದಂತೆ ಬರುತ್ತದೆ. ಅವರನ್ನು ಕಾರಿನಲ್ಲಿ ಕರೆತರುತ್ತಾರೆ. ನೋಂದಣಿ ಕಚೇರಿಯಲ್ಲಿ ಹಕ್ಕು ಬಿಡುಗಡೆ ಪತ್ರವು ಸಿದ್ಧವಾಗಿರುತ್ತದೆ. ಹಿಂದೂ ಮನೆಗಳಲ್ಲಿ ಅರಿಸಿನ ಕುಂಕುಮಕ್ಕೆಂದು ಸ್ವಲ್ಪ ಹಣವನ್ನು ಕೈಯಲ್ಲಿಡುವ ವಾಡಿಕೆ. ಕ್ರೈಸ್ತ ಮನೆಗಳಲ್ಲಿ ಅದರ ಸ್ಥಾನಕ್ಕೆ ಅನೇಕವೇಳೆ ಸತ್ಯವೇದದ ವಾಕ್ಯ ಬರುತ್ತದೆ. ಸಹೋದರರು ಒಂದಾಗಿರುವುದು ಎಷ್ಟು ಒಳ್ಳೆಯದು. ಲೋಕದ ಆಸ್ತಿ ಯಾರಿಗೆ ಶಾಶ್ವತ. ಕ್ರೈಸ್ತಳಾದವಳು ಸೌಮ್ಯಳಾಗಿರಬೇಡವೆ, ಎಂದು. ಹೇಳುವವರು ಮನೆಯ ಹಿರಿಯರು. ಸಹಿ ಮಾಡದಿದ್ದರೆ ತವರಿನ ಬಾಗಿಲು ಮುಚ್ಚುವುದೆಂದು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ, ಹೇಳಬೇಕಾದುದೂ ಇಲ್ಲ.

ಹೀಗೆ ಸಹಿ ಹಾಕಿದ ಹೆಣ್ಣುಮಗಳು ಸೌಮ್ಯಳೋ, ಅಂಜಿದವಳೋ? ಹೊರಗಿನ ಕ್ರಿಯೆ ಎರಡರಲ್ಲಿಯೂ ಒಂದೇ. ಒಬ್ಬಾಕೆ ತನ್ನ ಪಾಲು ಎಷ್ಟೆಂದು ತಿಳಿದು, ತಮ್ಮನ ಮಗನ ಕಾಯಿಲೆಯನ್ನೋ ಅಣ್ಣನ ಬಡತನವನ್ನೋ ಕಂಡು, ಇದು ನನ್ನದು, ಇದನ್ನು ನಿಮಗೆ ಕೊಟ್ಟೆನು ಎನ್ನಬಹುದು. ಅಬ್ರಾಮನ ಕುಲದವಳು ಆಕೆ. ಇನ್ನೊಬ್ಬಾಕೆಗೆ ಲೆಕ್ಕವನ್ನೇ ತೋರಿಸಿರುವುದಿಲ್ಲ. ಬಿಟ್ಟುಕೊಡುವುದಕ್ಕೆ ಮೊದಲು ತನ್ನದೆಂದು ತಿಳಿದಿರಬೇಕಷ್ಟೆ? ತಿಳಿಯಗೊಡದೆ ಬಿಡಿಸಿಕೊಂಡದ್ದನ್ನು ತ್ಯಾಗವೆನ್ನುವುದು ಹೇಗೆ? ಬಲವುಳ್ಳವನು ಬಲವಿಲ್ಲದವಳಿಗೆ ಸೌಮ್ಯತೆಯನ್ನು ಉಪದೇಶಿಸುವಾಗ, ಆ ಉಪದೇಶದಿಂದ ಲಾಭವಾಗುವುದು ಯಾರಿಗೆಂದು ನೋಡುವುದು ಒಳ್ಳೆಯ ಪರೀಕ್ಷೆ. ಪರ್ವತದ ಮೇಲೆ ಆ ವಾಕ್ಯವನ್ನು ನುಡಿದವನು ತಲೆಯಿಡುವುದಕ್ಕೆ ತನಗೆ ಸ್ಥಳವಿಲ್ಲವೆಂದುಕೊಂಡವನು. ಆತನಿಗೆ ಅದರಿಂದ ಒಂದು ಗುಂಟೆಯೂ ಲಾಭವಾಗಲಿಲ್ಲ.

ಈ ಸಂದರ್ಭಕ್ಕೆ ನೇರವಾಗಿ ಒದಗುವ ಕಥೆಯೊಂದು ಅರಣ್ಯಕಾಂಡದ 27ನೆಯ ಅಧ್ಯಾಯದಲ್ಲಿದೆ. ಚಲ್ಪಹಾದನಿಗೆ ಗಂಡುಮಕ್ಕಳಿರಲಿಲ್ಲ, ಐವರು ಹೆಣ್ಣುಮಕ್ಕಳು. ಅವರು ಮೋಶೆಯ ಮುಂದೆಯೂ ಯಾಜಕನ ಮುಂದೆಯೂ ಸಭೆಯೆಲ್ಲದರ ಮುಂದೆಯೂ ಬಂದು ನಿಂತು ತಂದೆಯ ಸ್ವಾಸ್ತ್ಯದಲ್ಲಿ ಪಾಲು ಕೇಳಿದರು. ಎಲ್ಲರಿಗಿಂತ ಸೌಮ್ಯನೆನಿಸಿದ ಮೋಶೆ, ಅಮ್ಮಗಳಿರಾ ಸೌಮ್ಯರಾಗಿರಿ ಎನ್ನಲಿಲ್ಲ. ವ್ಯಾಜ್ಯವನ್ನು ದೇವರ ಮುಂದಿಟ್ಟನು; ಅವರು ಕೇಳುವುದು ನ್ಯಾಯವೆಂದು ತೀರ್ಪಾಯಿತು. ಅವರ ಐದು ಹೆಸರುಗಳನ್ನೂ ಗ್ರಂಥವು ಉಳಿಸಿಕೊಂಡಿದೆ: ಮಹ್ಲಾ, ನೋವಾ, ಹೊಗ್ಲಾ, ಮಿಲ್ಕಾ, ತಿರ್ಚಾ. ನಮ್ಮ ನೆರೆಯ ಕೇರಳದಲ್ಲಿ ಇದೇ ಪ್ರಶ್ನೆಯನ್ನು ಮೇರಿ ರಾಯ್ ಅವರು ಸುಪ್ರೀಂ ಕೋರ್ಟಿನ ಮುಂದಿಟ್ಟರು. ತಿರುವಾಂಕೂರಿನ 1916ರ ಕ್ರೈಸ್ತ ಉತ್ತರಾಧಿಕಾರ ಕಾನೂನಿನಲ್ಲಿ ಮಗಳಿಗೆ ಮಗನ ಪಾಲಿನ ಕಾಲುಭಾಗ, ಇಲ್ಲವೆ 5,000 ರೂಪಾಯಿ, ಎರಡರಲ್ಲಿ ಯಾವುದು ಕಡಮೆಯೋ ಅದು ಮಾತ್ರ ಸಲ್ಲುತ್ತಿತ್ತು. 1986ರ ತೀರ್ಪು ಆ ಕಾನೂನಿನ ಕಾಲ ಮುಗಿದುದೆಂದು ಸಾರಿ, 1925ರ ಕಾನೂನಿನ ಸಮಪಾಲನ್ನು ಅಲ್ಲಿನ ಹೆಣ್ಣುಮಕ್ಕಳಿಗೂ ಒದಗಿಸಿತು. ಅಣ್ಣನ ಮೇಲೆ ದಾವೆ ಹೂಡಿದವಳೆಂಬ ಮಾತನ್ನು ಅವರು ಬಹಳ ಕಾಲ ಕೇಳಬೇಕಾಯಿತು. ತಂಗಿಗೆ ಪಾಲು ಕೊಡದವನೆಂಬ ಮಾತು ಅಷ್ಟಾಗಿ ಕೇಳಿಬರಲಿಲ್ಲ.

ಇಲ್ಲಿ ಒಂದು ಆಕ್ಷೇಪವುಂಟು. ಅದನ್ನು ಹಗುರವಾಗಿ ತಳ್ಳುವಂತಿಲ್ಲ. ಪೌಲನು ಕೊರಿಂಥದ ಸಭೆಗೆ ಬರೆದ ಮೊದಲನೆಯ ಪತ್ರಿಕೆಯ ಆರನೆಯ ಅಧ್ಯಾಯದಲ್ಲಿ, ಸಹೋದರನು ಸಹೋದರನ ಮೇಲೆ ನ್ಯಾಯಸ್ಥಾನಕ್ಕೆ ಹೋಗುವುದನ್ನು ಕಟುವಾಗಿ ಖಂಡಿಸಿದ್ದಾನೆ. ಅದಕ್ಕಿಂತ ಅನ್ಯಾಯವನ್ನೂ ನಷ್ಟವನ್ನೂ ಸಹಿಸಬಾರದೇಕೆ ಎಂದು ಕೇಳಿದ್ದಾನೆ. ಮನೆಯ ಹಿರಿಯರು ಉದಾಹರಿಸುವ ವಾಕ್ಯವೂ ಸಾಮಾನ್ಯವಾಗಿ ಇದೇ. ಆದರೆ ಅವರು ಓದನ್ನು ಒಂದು ವಾಕ್ಯದಷ್ಟು ಮುಂಚೆ ನಿಲ್ಲಿಸುತ್ತಾರೆ. ಮರುವಾಕ್ಯದಲ್ಲಿಯೇ ಪೌಲನು ತಿರುಗಿ, ಸಹೋದರರೆನಿಸಿಕೊಂಡವರಿಗೇ ಅನ್ಯಾಯವನ್ನೂ ನಷ್ಟವನ್ನೂ ಮಾಡುವವರನ್ನು ಹಿಡಿದು ಗದರಿಸುತ್ತಾನೆ. ಅದಲ್ಲದೆ ಸಭೆಯೊಳಗೆ ವ್ಯಾಜ್ಯವನ್ನು ತೀರಿಸಬಲ್ಲ ಬುದ್ಧಿವಂತನೊಬ್ಬನೂ ನಿಮ್ಮಲ್ಲಿಲ್ಲವೇ ಎಂಬುದು ಅವನ ಪ್ರಶ್ನೆ; ವ್ಯಾಜ್ಯವೇ ಇರಬಾರದೆಂದಾಗಲಿ, ತೀರ್ಪೇ ಬೇಡವೆಂದಾಗಲಿ ಅವನು ಹೇಳಿಲ್ಲ. ಹಾಗಾದರೆ ಪೌಲನನ್ನು ಅನುಸರಿಸಲೆಳಸುವ ಸಭೆಯು ಮೊದಲು ಅಕ್ಕನ ಲೆಕ್ಕವನ್ನು ಕೇಳುವ ಹಿರಿಯನನ್ನು ಒದಗಿಸಬೇಕು. ಕರ್ನಾಟಕದ ಉಚ್ಚ ನ್ಯಾಯಾಲಯದ ಆಶ್ರಯದಲ್ಲಿ 2007ರಿಂದ ಬೆಂಗಳೂರಿನಲ್ಲಿ ಮಧ್ಯಸ್ಥಿಕೆಯ ಕೇಂದ್ರವೊಂದಿದೆ. ವಿಭಾಗದ ದಾವೆಗಳೂ ಅಲ್ಲಿಗೆ ಹೋಗುತ್ತವೆ. ಅಲ್ಲಿ ಉಭಯಪಕ್ಷದವರೂ ಒಂದೇ ಮೇಜಿನ ಸುತ್ತ ಕುಳಿತು ಮಾತನಾಡಬೇಕು. ಪೌಲನ ಮನಸ್ಸಿನಲ್ಲಿದ್ದುದಕ್ಕೆ ಇದು ದೂರದ ನಂಟಲ್ಲ. ತಮ್ಮ ಗೋಡೆಗಳೊಳಗೆ ಮಾಡದುದನ್ನು ಸರಕಾರದ ನ್ಯಾಯಾಲಯವು ಮಾಡುತ್ತಿರುವುದನ್ನು ಕಂಡು ಸಭೆಗಳು ಕೊಂಚ ನಾಚಬಹುದು.

ಕ್ರಿಸ್ತನನ್ನೇ ಒಬ್ಬನು ಇಂಥ ವ್ಯಾಜ್ಯಕ್ಕೆ ಕರೆದುದುಂಟು. ಗುಂಪಿನಿಂದ ಒಬ್ಬನು, ನನ್ನ ಅಣ್ಣನಿಗೆ ಪಾಲು ಕೊಡಹೇಳು ಎಂದನು. ತನ್ನನ್ನು ಪಾಲುಗಾರನನ್ನಾಗಿ ನೇಮಿಸಿದವರಾರೆಂದು ಕ್ರಿಸ್ತನು ಒಪ್ಪದೆ, ಇಬ್ಬರಿಗೂ ಸಲ್ಲುವಂತೆ ಲೋಭದ ವಿಷಯವಾಗಿ ಎಚ್ಚರಿಕೆ ಹೇಳಿದನು. ಪಾಲು ಕೇಳಿದವನಿಗೆ ಕೇಳಬೇಡವೆನ್ನಲಿಲ್ಲ, ಕೊಡದವನಿಗೆ ಇಟ್ಟುಕೊ ಎನ್ನಲಿಲ್ಲ. ಗೆದ್ದ ಪಾಲಿನಲ್ಲಿಯೂ ಉಳಿಸಿಕೊಂಡ ಪಾಲಿನಲ್ಲಿಯೂ ಲೋಭವು ಒಂದೇ ಸಮನಾಗಿ ಅಡಗಬಲ್ಲದೆಂದು ಅವನಿಗೆ ತಿಳಿದಿತ್ತು.

ಹಕ್ಕನ್ನು ಕೇಳಬಹುದೆಂದಾಯಿತು. ಕೇಳುತ್ತಲೇ ಕ್ಷಮಿಸುವುದು ಸಾಧ್ಯವೇ ಎಂಬುದು ಉಳಿಯುತ್ತದೆ, ಕಷ್ಟವಾದುದು ಇದೇ. ಎಷ್ಟು ಸಾರಿ ಕ್ಷಮಿಸಬೇಕೆಂದು ಪೇತ್ರನು ಕೇಳಿದಾಗ ಕ್ರಿಸ್ತನು ಲೆಕ್ಕವನ್ನೇ ಮೀರಿಸಿ ಉತ್ತರ ಕೊಟ್ಟು, ಬಳಿಕ ಒಂದು ಸಾಮ್ಯವನ್ನು ಹೇಳಿದನು. ಅರಸನಿಗೆ ಹತ್ತುಸಾವಿರ ತಲಾಂತು ಸಾಲವಿದ್ದ ಸೇವಕನು ಮನ್ನಾ ಪಡೆದು ಹೊರಬಂದವನೇ, ತನಗೆ ನೂರು ದಿನಾರು ಕೊಡಬೇಕಾಗಿದ್ದ ಜೊತೆಯಾಳಿನ ಕುತ್ತಿಗೆಯನ್ನು ಹಿಚುಕಿದನು. ಒಂದು ದಿನಾರು ಕೂಲಿಯಾಳಿನ ಒಂದು ದಿನದ ಸಂಬಳ. ಒಂದು ತಲಾಂತಿಗೆ 6,000 ದಿನಾರು. ವರ್ಷಕ್ಕೆ 300 ದಿನ ದುಡಿದರೆ ಹತ್ತುಸಾವಿರ ತಲಾಂತು ತೀರುವುದಕ್ಕೆ 2,00,000 ವರ್ಷಗಳು ಬೇಕು. ಎರಡು ಸಾಲಗಳ ಅಂತರ ಆರು ಲಕ್ಷ ಪಟ್ಟು. ಪ್ರಸಂಗಗಳಲ್ಲಿ ಈ ಅಂತರವನ್ನು ಬಣ್ಣಿಸಿ, ನಮಗೆ ನೆರೆಯವನು ಮಾಡಿದ ತಪ್ಪು ಏನೇನೂ ಅಲ್ಲವೆನ್ನುವುದು ವಾಡಿಕೆ. ಆದರೆ ನೂರು ದಿನಾರು ಏನೇನೂ ಅಲ್ಲದ ಮೊತ್ತವಲ್ಲ. ಕೂಲಿಯವನಿಗೆ ಅದು ವರ್ಷದ ಸಂಪಾದನೆಯ ಮೂರನೆಯ ಒಂದು ಪಾಲು. ಸಾಮ್ಯವು ಆ ಸಾಲವನ್ನು ಸುಳ್ಳೆನ್ನುವುದಿಲ್ಲ. ಮೋಸಹೋದವಳ ನೋವನ್ನು ಚಿಕ್ಕದೆಂದು ಹೇಳಿ ಕ್ಷಮೆಯನ್ನು ಸುಲಭಮಾಡಲು ಹೊರಡುವವರು ಇದನ್ನು ಗಮನಿಸಬೇಕು. ನೋವು ಇಲ್ಲವಾದರೆ ಕ್ಷಮಿಸುವುದಕ್ಕಾದರೂ ಏನಿದೆ?

ನೆಲದ ಜಗಳದಿಂದ ಪ್ರಾಣದ ನಷ್ಟದವರೆಗೆ ಏರಿದರೆ ಈ ಪ್ರಶ್ನೆಯ ಪೂರ್ಣರೂಪ ಕಾಣುತ್ತದೆ. 1999ರ ಜನವರಿ 22ರ ರಾತ್ರಿ ಒಡಿಶಾದ ಕೇಂದುಝರ್ ಜಿಲ್ಲೆಯ ಮನೋಹರಪುರದಲ್ಲಿ, ತಮ್ಮ ವಾಹನದೊಳಗೆ ಮಲಗಿದ್ದ ಗ್ರಹಾಂ ಸ್ಟೇನ್ಸರನ್ನೂ ಅವರ ಇಬ್ಬರು ಗಂಡುಮಕ್ಕಳಾದ ಹತ್ತು ವರ್ಷದ ಫಿಲಿಪ್, ಆರು ವರ್ಷದ ತಿಮೊಥಿಯರನ್ನೂ ಒಂದು ಗುಂಪು ಸುಟ್ಟು ಕೊಂದಿತು. ಸ್ಟೇನ್ಸರು ಆಸ್ಟ್ರೇಲಿಯದಿಂದ 1965ರಲ್ಲಿ ಬಂದು ಬಾರಿಪದಾದಲ್ಲಿ ಕುಷ್ಠರೋಗಿಗಳ ಆಶ್ರಮವನ್ನು ನೋಡಿಕೊಳ್ಳುತ್ತಿದ್ದವರು. ಅವರ ಪತ್ನಿ ಗ್ಲಾಡಿಸ್ ಸ್ಟೇನ್ಸ್ ಅವರು ಕೊಂದವರನ್ನು ತಾನು ಕ್ಷಮಿಸಿರುವುದಾಗಿ ಹೇಳಿ, ಮಗಳೊಡನೆ ಅಲ್ಲಿಯೇ ಉಳಿದು, 2004ರವರೆಗೆ ಆ ರೋಗಿಗಳ ಸೇವೆಯನ್ನು ನಡೆಸಿದರು. 2005ರಲ್ಲಿ ಭಾರತ ಸರಕಾರವು ಅವರಿಗೆ ಪದ್ಮಶ್ರೀಯನ್ನಿತ್ತಿತು. ಮೊಕದ್ದಮೆ ತನ್ನ ಪಾಡಿಗೆ ನಡೆಯಿತು. 2003ರಲ್ಲಿ ಮುಖ್ಯ ಅಪರಾಧಿಗೆ ಮರಣದಂಡನೆ. 2005ರಲ್ಲಿ ಉಚ್ಚ ನ್ಯಾಯಾಲಯವು ಅದನ್ನು ಜೀವಾವಧಿ ಸೆರೆವಾಸಕ್ಕೆ ಇಳಿಸಿತು. 2011ರಲ್ಲಿ ಸುಪ್ರೀಂ ಕೋರ್ಟು ಅದನ್ನೇ ಸ್ಥಿರಪಡಿಸಿತು. ಕ್ಷಮೆಯು ಒಂದು, ಅಪರಾಧಕ್ಕೆ ಸಲ್ಲುವ ಪರಿಣಾಮವು ಇನ್ನೊಂದು, ಎರಡನ್ನೂ ಬೆರಸಬಾರದೆಂದು ಆಕೆ ಸ್ಪಷ್ಟಪಡಿಸಿದ್ದರು.

ಆ ಬೇರ್ಪಡಿಕೆಯಲ್ಲಿ ದೊಡ್ಡ ವಿವೇಕವಿದೆ. ಕಾನೂನಿನ ಕೆಲಸವು ಆಕೆಯದಾಗಿರಲಿಲ್ಲ. ನಾಳೆ ಇನ್ನೊಂದು ಹಳ್ಳಿಯಲ್ಲಿ ಇನ್ನೊಬ್ಬರ ಮಕ್ಕಳು ನಿರ್ಭಯವಾಗಿ ಮಲಗಬೇಕೆಂಬುದಕ್ಕೆ ಸಂಬಂಧಪಟ್ಟದ್ದು ಅದು. ಆ ಮಕ್ಕಳ ಪರವಾಗಿ ಬಿಟ್ಟುಕೊಡುವ ಅಧಿಕಾರ ಆಕೆಗಿಲ್ಲ. ಸತ್ತ ಮೂವರ ಪರವಾಗಿ ಕ್ಷಮಿಸುವ ಅಧಿಕಾರವಾದರೂ ಇತ್ತೇ ಎಂದು ಕೇಳುವವರುಂಟು. ಇರಲಿಲ್ಲವೆಂದೇ ಹೇಳಬೇಕು, ಅವರ ಲೆಕ್ಕವು ದೇವರ ಬಳಿಯಲ್ಲಿದೆಯೆಂಬುದು ಕ್ರೈಸ್ತನ ನಂಬಿಕೆ. ಆಕೆ ಕ್ಷಮಿಸಿದ್ದು ತನಗಾದುದನ್ನು, ಗಂಡನನ್ನೂ ಮಕ್ಕಳನ್ನೂ ಕಳೆದುಕೊಂಡ ಹೆಂಗಸಿಗೆ ಆದುದನ್ನು. ಅಷ್ಟು ಮಾತ್ರ ಆಕೆಯದು. ಅಷ್ಟನ್ನು ಯಾವ ನ್ಯಾಯಾಲಯವೂ ಆಕೆಯ ಕೈಯಿಂದ ಪಡೆಯಲಾರದಿತ್ತು, ಯಾವ ಹಿರಿಯನೂ ಆಕೆಯ ಮೇಲೆ ಹೇರಲಾರದಿದ್ದನು.

ಕ್ಷಮೆಗೂ ಸಂಧಿಗೂ ಇರುವ ಭೇದವೂ ಇದರಿಂದ ತಿಳಿಯುತ್ತದೆ. ಕ್ಷಮೆಗೆ ಒಬ್ಬರು ಸಾಕು. ಸಂಧಿಗೆ ಇಬ್ಬರು ಬೇಕು. ಯೆರಿಕೋವಿನ ಸುಂಕದವನಾದ ಜಕ್ಕಾಯನ ಮನೆಗೆ ಕ್ರಿಸ್ತನು ಕರೆಯದೆಯೇ ಹೋದನು. ಅದು ಕ್ಷಮೆಯ ಹೆಜ್ಜೆ. ಜಕ್ಕಾಯನಾದರೋ ಎದ್ದುನಿಂತು ಆಸ್ತಿಯಲ್ಲಿ ಅರ್ಧವನ್ನು ಬಡವರಿಗೆ ಕೊಡುವುದಾಗಿಯೂ, ಅನ್ಯಾಯವಾಗಿ ತೆಗೆದುಕೊಂಡದ್ದಕ್ಕೆ ನಾಲ್ಕರಷ್ಟು ಹಿಂದಕ್ಕೆ ಕೊಡುವುದಾಗಿಯೂ ಮಾತುಕೊಟ್ಟನು. ಊಟದ ಮನೆ ಸಂತೋಷದ ಮನೆಯಾದದ್ದು ಆಮೇಲೆ. ತಂಗಿ ಕ್ಷಮಿಸಿದಳೆಂಬ ಸುದ್ದಿ ಕೇಳಿದೊಡನೆಯೇ ಪಹಣಿಯ ಮಾತನ್ನು ಇನ್ನೆತ್ತಬೇಡವೆನ್ನುವ ಅಣ್ಣಂದಿರು ಜಕ್ಕಾಯನ ಊಟವನ್ನು ಮಾತ್ರ ಬಯಸುತ್ತಾರೆ.

ಕನ್ನಡಿಗನಿಗೆ ಅಣ್ಣತಮ್ಮಂದಿರ ನೆಲದ ಜಗಳವೆಂದರೆ ಕೊನೆಗೆ ನೆನಪಾಗುವವನು ಶ್ರವಣಬೆಳ್ಗೊಳದ ಬೆಟ್ಟದ ಮೇಲೆ ನಿಂತಿರುವವನು. ಪಂಪನು 941ರಲ್ಲಿ ರಚಿಸಿದ ಆದಿಪುರಾಣದಿಂದ ಆ ಕಥೆ ನಮ್ಮ ಮನೆಮಾತಾಗಿದೆ. ಬಾಹುಬಲಿಯು ಅಣ್ಣನಾದ ಭರತನನ್ನು ಗೆದ್ದನು. ಗೆದ್ದ ಕ್ಷಣದಲ್ಲಿ ರಾಜ್ಯವನ್ನು ಅವನಿಗೇ ಬಿಟ್ಟು ತಪಸ್ಸಿಗೆ ನಿಂತನು. ಮೈಮೇಲೆ ಬಳ್ಳಿ ಹಬ್ಬಿತು, ಕಾಲಬುಡದಲ್ಲಿ ಹುತ್ತ ಬೆಳೆಯಿತು. ಜ್ಞಾನ ಮಾತ್ರ ಬರಲಿಲ್ಲ. ನಿಂತಿರುವ ನೆಲವಾದರೂ ಅಣ್ಣನದಲ್ಲವೇ ಎಂಬ ಒಂದು ಮುಳ್ಳು ಮನಸ್ಸಿನಲ್ಲಿ ಉಳಿದಿತ್ತೆಂದು ಜನ ಹೇಳುತ್ತಾರೆ. ಭರತನೇ ಬಂದು ನಮಸ್ಕರಿಸಿದಾಗ ಆ ಮುಳ್ಳು ಕಳಚಿತು. ನೆಲವನ್ನು ಕೈಯಿಂದ ಬಿಟ್ಟಷ್ಟು ಬೇಗ ಅದು ಮನಸ್ಸಿನಿಂದ ಬಿಡುವುದಿಲ್ಲವೆಂಬುದನ್ನು ಜೈನ ಕವಿಗಳು ಬಲ್ಲವರಾಗಿದ್ದರು. ತಪ್ಪಿದ ಅಣ್ಣನು ತಾನಾಗಿ ಬೆಟ್ಟ ಹತ್ತಿ ಬರಬೇಕಾಯಿತೆಂಬುದನ್ನೂ ಬಲ್ಲರು. ಆದರೆ ಎಲ್ಲ ಭರತರೂ ಬರುವುದಿಲ್ಲ. ಬಾರದೆಹೋದಾಗಲೂ ಮುಳ್ಳು ಕಳಚಬೇಕೆಂದು ಕ್ರೈಸ್ತಧರ್ಮವು ಕೇಳುವುದರಿಂದಲೇ ಅದರ ಬೇಡಿಕೆ ಅಷ್ಟು ಭಾರವಾಗಿದೆ.

ಹಕ್ಕು ಬಿಡುಗಡೆ ಪತ್ರಕ್ಕೆ ಸಹಿ ಹಾಕದೆ ಎದ್ದುಬಂದ ಹೆಣ್ಣುಮಗಳಿಗೆ, ಹಲವು ವರ್ಷಗಳ ವ್ಯಾಜ್ಯದ ಬಳಿಕ ಅವಳ ಪಾಲು ದೊರೆಯಿತೆಂದೇ ಇಟ್ಟುಕೊಳ್ಳಬಹುದು. ಖಾತೆಯಲ್ಲಿ ಹೆಸರು ಬಂದಿತು, ಸುತ್ತ ತಂತಿಬೇಲಿಯಾಯಿತು. ಒಂದು ಸಂಜೆ, ಅಣ್ಣನು ಕಾಯಿಲೆಯಿಂದ ಹೆಬ್ಬಾಳದ ಆಸ್ಪತ್ರೆಯಲ್ಲಿ ಮಲಗಿದ್ದಾನೆಂದು ಯಾರೋ ಹೇಳಿಕಳುಹಿಸುತ್ತಾರೆ, ಅವನೇ ಹೇಳಿಕಳುಹಿಸಿದ್ದಲ್ಲ. ಅವಳು ದೀಪ ಹಚ್ಚಿ, ಸ್ವಲ್ಪ ಹೊತ್ತು ಬಾಗಿಲಲ್ಲಿ ನಿಂತು, ಬುತ್ತಿಗೆ ಏನು ಕಟ್ಟಬೇಕೆಂದು ಅಡಿಗೆಮನೆಯ ಕಡೆ ನೋಡುತ್ತಾಳೆ.